ಹಿಂಡೆಂದರೆ ಬರಿಯ ಎಣಿಕೆಯಲ್ಲ

ಪ್ರತಿ ವರ್ಷ ಚಳಿಗಾಲ ಬಂತೆಂದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಶಾಲೆಗಳಿಂದ ಮೈಸೂರಿನ ಕಡೆಗೆ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅರಮನೆ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಕಟ್ಟೆಗಳ ನಡುವೆ ಎರಡು ಮೂರು ತಾಸುಗಳನ್ನು ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮೀಸಲಿಡುವುದು ರೂಢಿ. ಮಕ್ಕಳು ಜಿರಾಫೆಯ ಆವರಣದ ಮುಂದೆ ಬಂದು ನಿಲ್ಲುತ್ತಾರೆ. ಕತ್ತಿನ ಉದ್ದವನ್ನು ಕಂಡು ಬೆರಗಾಗುತ್ತಾರೆ. ಮೇಷ್ಟರು ಅವಸರಪಡಿಸಿದೊಡನೆ ಮುಂದಿನ ಪ್ರಾಣಿಯತ್ತ ಓಡುತ್ತಾರೆ. ಊರಿಗೆ ಮರಳಿದ ಮೇಲೆ ‘ಜಿರಾಫೆ ನೋಡಿದೆವು’ ಎನ್ನುತ್ತಾರೆ. ಯಾವ ಜಿರಾಫೆಯನ್ನು ನೋಡಿದಿರಿ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳಬಹುದೆಂಬ ಕಲ್ಪನೆಯೂ ಯಾರಿಗೂ ಬರುವುದಿಲ್ಲ.

ಆದರೆ ಇದೇ ಪ್ರಶ್ನೆಯನ್ನು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಲ್ಲಿ ಕುರಿಯ ವಿಷಯವಾಗಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ನೂರು ಕುರಿಗಳ ದಡ್ಡಿಯಲ್ಲಿ ಮಲಗುವ ಕುರಿಗಾಹಿಗೆ ಯಾವ ಕುರಿ ಮುಂದಾಳು, ಯಾವುದು ಸದಾ ಹಿಂದುಳಿಯುವಂಥದು, ಯಾವುದು ಬೇರೆಯ ತಾಯಿಯ ಮರಿಗೂ ಮೊಲೆಗೊಡುವ ಸ್ವಭಾವದ್ದು, ಯಾವ ಟಗರು ಕೆಣಕದೆ ಹಾಯುವುದಿಲ್ಲ ಎಂಬುದೆಲ್ಲ ಅಂಗೈ ಗೆರೆಯಷ್ಟು ಸ್ಪಷ್ಟ. ಒಕ್ಕಲಿಗನು ಎಡಕ್ಕೆ ಹೂಡಿ ರೂಢಿಯಾದ ಎತ್ತನ್ನು ಬಲಕ್ಕೆ ಹೂಡುವ ಮುನ್ನ ನಾಲ್ಕು ಸಲ ಯೋಚಿಸುತ್ತಾನೆ. ಸಂತೆಯಲ್ಲಿ ಆಕಳು ಕೊಳ್ಳುವಾಗ ಹಲ್ಲು, ಸುಳಿಗಳನ್ನು ನೋಡುವಷ್ಟೇ ಎಚ್ಚರಿಕೆಯಿಂದ ಅದರ ಗುಣವನ್ನೂ ವಿಚಾರಿಸುತ್ತಾನೆ. ‘ಗುಣ’ ಎಂಬ ಮಾತನ್ನು ಮನುಷ್ಯರಿಗೂ ದನಕ್ಕೂ ಒಂದೇ ಅರ್ಥದಲ್ಲಿ ಬಳಸುವ ಭಾಷೆ ನಮ್ಮದು.

ನಾಡಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ ಗೋವಿನ ಹಾಡಿನಲ್ಲಿಯೂ ಕಾಳಿಂಗನೆಂಬ ಗೊಲ್ಲನು ಆಕಳುಗಳನ್ನು ಒಂದೊಂದಾಗಿ ಹೆಸರು ಹಿಡಿದೇ ಕರೆಯುತ್ತಾನೆ. ಆ ಹೆಸರುಗಳಲ್ಲಿ ಸಿಂಗಟಾಲೂರಿನ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯೂ ಒಂದು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಆ ಕಥೆಯಲ್ಲಿ ಹುಲಿಗೂ ಹೆಸರಿದೆ. ಅರ್ಬುತನು ‘ಹುಲಿ’ ಎಂಬ ಜಾತಿಯ ಪ್ರತಿನಿಧಿಯಾಗಿ ನಡೆದುಕೊಳ್ಳುವುದಿಲ್ಲ; ಮನಸ್ಸು ಬದಲಿಸಬಲ್ಲ ಒಂದು ಜೀವವಾಗಿ ನಡೆದುಕೊಳ್ಳುತ್ತಾನೆ. ಸಾಕಿದ ಪ್ರಾಣಿಗೂ ಕಾಡಿನ ಪ್ರಾಣಿಗೂ ಏಕಪ್ರಕಾರವಾಗಿ ವ್ಯಕ್ತಿತ್ವವನ್ನು ಒಪ್ಪಿದ ಈ ದೃಷ್ಟಿಯನ್ನು ನಾವು ಹಟ್ಟಿಯಲ್ಲಿ ಉಳಿಸಿಕೊಂಡು, ಹಟ್ಟಿಯಾಚೆ ಕಳೆದುಕೊಂಡಿದ್ದೇವೆ. ಇದರ ಪರಿಣಾಮವನ್ನು ಮೃಗಾಲಯದ ಜಿರಾಫೆಯೂ ಅನುಭವಿಸುತ್ತಿದೆ, ಕಪ್ಪತಗುಡ್ಡದ ತೋಳವೂ ಅನುಭವಿಸುತ್ತಿದೆ.

ಜಿರಾಫೆಯ ಹಿಂಡು ಹೇಳುವ ಪಾಠ

ಜಿರಾಫೆಯನ್ನು ಬಹುಕಾಲ ಮಂದಬುದ್ಧಿಯ, ಯಾರ ಗೊಡವೆಯೂ ಇಲ್ಲದ ಪ್ರಾಣಿಯೆಂದು ತಿಳಿಯಲಾಗಿತ್ತು. ಅದು ಕೂಗುವುದು ತೀರಾ ಅಪರೂಪ; ಅದರ ಮುಖದಲ್ಲಿ ಭಾವನೆಯ ಬದಲಾವಣೆ ಮನುಷ್ಯನ ಕಣ್ಣಿಗೆ ಸುಲಭವಾಗಿ ಕಾಣದು; ಬಯಲಿನಲ್ಲಿ ಹಿಂಡುಗಳು ಗಳಿಗೆಗೊಮ್ಮೆ ಕೂಡಿ ಗಳಿಗೆಗೊಮ್ಮೆ ಚೆದುರುತ್ತವೆ. ಆದ್ದರಿಂದ ಅವುಗಳಲ್ಲಿ ಸಂಬಂಧಗಳೇ ಇಲ್ಲವೆಂಬ ತೀರ್ಮಾನಕ್ಕೆ ಬರಲಾಗಿತ್ತು. ಕೆನಡಾದ ಆನ್ ಇನ್ನಿಸ್ ಡ್ಯಾಗ್ ಎಂಬ ತರುಣಿ 1956ರಲ್ಲಿ ಒಬ್ಬಂಟಿಯಾಗಿ ದಕ್ಷಿಣ ಆಫ್ರಿಕಕ್ಕೆ ತೆರಳಿ, ಒಂದು ದನಗಾವಲಿನಲ್ಲಿ ವಾಸಿಸುತ್ತಿದ್ದ ಜಿರಾಫೆಗಳನ್ನು ದಿನವಿಡೀ ಕುಳಿತು ನೋಡತೊಡಗಿದಾಗ ಈ ಪ್ರಾಣಿಯ ನಡವಳಿಕೆಯ ವ್ಯವಸ್ಥಿತ ಅಧ್ಯಯನ ಆರಂಭವಾಯಿತು. ನಾಲ್ಕು ವರ್ಷಗಳ ಬಳಿಕ, 1960ರಲ್ಲಿ ಜೇನ್ ಗುಡಾಲ್ ಟಾಂಜಾನಿಯದ ಗೊಂಬೆ ಕಾಡಿನಲ್ಲಿ ಚಿಂಪಾಂಜಿಗಳಿಗೆ ಸಂಖ್ಯೆಯ ಬದಲು ಹೆಸರು ಕೊಟ್ಟದ್ದಕ್ಕೆ ವಿದ್ವಾಂಸರ ಆಕ್ಷೇಪಣೆಯನ್ನು ಎದುರಿಸಬೇಕಾಯಿತು. ಕುರಿಗಾಹಿಗೆ ಸಹಜವೆನಿಸುವ ನೋಟವನ್ನು ವಿಜ್ಞಾನವು ಹೀಗೆ ತಡವಾಗಿ, ಹಿಂಜರಿಕೆಯಿಂದ ಒಪ್ಪಿಕೊಂಡಿತು.

ಒಂದು ಜಿರಾಫೆಯನ್ನು ಇನ್ನೊಂದರಿಂದ ಗುರುತಿಸುವುದು ಕಷ್ಟವೇನಲ್ಲ. ಅದರ ಮೈಮೇಲಿನ ಮಚ್ಚೆಗಳ ವಿನ್ಯಾಸ ಮನುಷ್ಯನ ಬೆರಳಚ್ಚಿನಂತೆ. ಒಂದರದು ಇನ್ನೊಂದಕ್ಕಿಲ್ಲ, ಹುಟ್ಟಿದಾಗ ಇದ್ದದ್ದು ಸಾಯುವವರೆಗೂ ಉಳಿಯುತ್ತದೆ. ಟಾಂಜಾನಿಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಚ್ಚೆಗಳ ಆಕಾರದ ಕೆಲವು ಲಕ್ಷಣಗಳು ತಾಯಿಯಿಂದ ಮರಿಗೆ ಬರುತ್ತವೆಂದು ತೋರಿಸಿತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಪಟ್ಟೆಗಳ ಆಧಾರದಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಪದ್ಧತಿಯನ್ನು ಬೆಳೆಸಿದಂತೆಯೇ, ಆಫ್ರಿಕದ ಬಯಲುಗಳಲ್ಲಿ ಮಚ್ಚೆಗಳನ್ನು ಹಿಡಿದು ಸಾವಿರಾರು ಜಿರಾಫೆಗಳ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಸಾಧ್ಯವಾಗಿದೆ.

ಹೀಗೆ ಹಿಂಬಾಲಿಸಿದಾಗ ಚೆದುರಿದಂತೆ ಕಾಣುವ ಹಿಂಡಿನೊಳಗೆ ಬಿಗಿಯಾದ ನಂಟುಗಳು ಕಂಡುಬಂದವು. ಹೆಣ್ಣು ಜಿರಾಫೆಗಳು ತಮಗೆ ಬೇಕಾದ ಕೆಲವು ಗೆಳತಿಯರ ಸಂಗಡವೇ ವರ್ಷಗಳ ಕಾಲ ಮೇಯುತ್ತವೆ. ಮತ್ತೆ ಕೆಲವನ್ನು ಬೇಕೆಂದೇ ದೂರವಿಡುತ್ತವೆ. ಒಂದೆರಡು ತಾಯಂದಿರು ಮರಿಗಳ ಗುಂಪನ್ನು ಕಾಯುತ್ತ ನಿಂತರೆ ಉಳಿದವು ಮೇವಿಗೆ ಹೋಗಿಬರುತ್ತವೆ. ಹೆಚ್ಚು ಒಡನಾಡಿಗಳಿರುವ ಹೆಣ್ಣು ಜಿರಾಫೆ ಒಂಟಿಯಾದದ್ದಕ್ಕಿಂತ ಹೆಚ್ಚು ಕಾಲ ಬದುಕುವ ಸಂಭವವಿದೆಯೆಂದು 2021ರಲ್ಲಿ ಪ್ರಕಟವಾದ ಟಾಂಜಾನಿಯದ ಸಂಶೋಧನೆ ತಿಳಿಸಿತು. ಅದೇ ವರ್ಷ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು, ಮರಿಹಾಕುವ ವಯಸ್ಸು ದಾಟಿದ ಅಜ್ಜಿಯರು ತಮ್ಮ ಆಯುಷ್ಯದ ಶೇಕಡಾ 30ರವರೆಗಿನ ಭಾಗವನ್ನು ಹಿಂಡಿನೊಡನೆ ಕಳೆಯುತ್ತವೆಂದೂ, ಆ ಅಜ್ಜಿಯರ ಅನುಭವದಿಂದ ಹಿಂಡಿಗೆ ಪ್ರಯೋಜನವಾಗುತ್ತಿರಬಹುದೆಂದೂ ವಾದಿಸಿದರು.

ಮೃಗಾಲಯಗಳಲ್ಲಿ ಈ ಭೇದಗಳು ಇನ್ನಷ್ಟು ಹತ್ತಿರದಿಂದ ಕಾಣುತ್ತವೆ. ಅಮೆರಿಕದ ಸ್ಯಾನ್ ಡಿಯಾಗೊ ವನ್ಯಜೀವಿ ಉದ್ಯಾನದ ಹಿಂಡಿನಲ್ಲಿ ತಾಯಿ ಮಗಳು ಜೋಡಿಗಳೂ ಒಟ್ಟಿಗೆ ಬೆಳೆದವೂ ಒಂದನ್ನೊಂದು ಹುಡುಕಿಕೊಂಡು ಹೋಗಿ ನಿಲ್ಲುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬರ್ಲಿನ್, ಕೋಪನ್‌ಹೇಗನ್, ವಿಯೆನ್ನಾ ಮೃಗಾಲಯಗಳಲ್ಲಿ 900ಕ್ಕೂ ಹೆಚ್ಚು ತಾಸುಗಳ ಧ್ವನಿಮುದ್ರಣ ನಡೆಸಿದವರು, ಮೂಕಪ್ರಾಣಿಯೆನಿಸಿದ್ದ ಜಿರಾಫೆ ರಾತ್ರಿಯ ಹೊತ್ತು ತಗ್ಗು ದನಿಯಲ್ಲಿ ಗುಂಯ್‌ಗುಡುತ್ತದೆಂದು 2015ರಲ್ಲಿ ಪ್ರಕಟಿಸಿದರು. ಬಾರ್ಸಿಲೋನಾದಲ್ಲಿ ನಾಲ್ಕು ಜಿರಾಫೆಗಳ ಮುಂದೆ ಗಜ್ಜರಿಯ ತುಂಡುಗಳು ಹೆಚ್ಚಾಗಿರುವ ಡಬ್ಬಿ ಹಾಗೂ ಕಡಿಮೆಯಾಗಿರುವ ಡಬ್ಬಿಗಳನ್ನಿಟ್ಟು, ಎರಡೂ ಡಬ್ಬಿಗಳಿಂದ ಮುಷ್ಟಿ ಮುಚ್ಚಿ ಒಂದೊಂದು ತುಂಡನ್ನು ತೆಗೆದು ತೋರಿಸಲಾಯಿತು. ಪ್ರಿಯವಾದ ಗಜ್ಜರಿ ಯಾವ ಮುಷ್ಟಿಯಲ್ಲಿರುವ ಸಂಭವ ಹೆಚ್ಚೆಂಬುದನ್ನು ಅವು ಊಹಿಸಬಲ್ಲವೆಂದು 2023ರಲ್ಲಿ ತಿಳಿದುಬಂತು. ಮಂದಬುದ್ಧಿಯೆಂಬ ಹಣೆಪಟ್ಟಿ ಹೀಗೆ ಕಳಚಿಬಿತ್ತು.

ಬೇರ್ಪಡಿಕೆಯ ಲೆಕ್ಕ

ಇವೆಲ್ಲ ಕುತೂಹಲದ ಸಂಗತಿಗಳಾಗಿ ಮಾತ್ರ ಉಳಿಯುವುದಾದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಪ್ರತಿಯೊಂದು ಪ್ರಾಣಿಗೂ ಅದರದೇ ಗುಣ, ಅದರದೇ ನಂಟು ಇರುವುದು ನಿಜವೆಂದಾದರೆ, ಅವುಗಳನ್ನು ಕೂಡಿಸುವ, ಅಗಲಿಸುವ ಅಧಿಕಾರವುಳ್ಳವರ ಹೊಣೆಯೂ ಹೆಚ್ಚುತ್ತದೆ.

ಅಮೆರಿಕದ ಅಟ್ಲಾಂಟಾ ಮೃಗಾಲಯದಲ್ಲಿ ಒಂದು ಗಂಡು ಜಿರಾಫೆಯನ್ನು ಬೇರೆಡೆಗೆ ಸಾಗಿಸಿದಾಗ ಉಳಿದ ಹೆಣ್ಣುಗಳ ನಡವಳಿಕೆಯನ್ನು ಗಮನಿಸಲಾಯಿತು. ಅವುಗಳ ಚಡಪಡಿಕೆ, ಗೊತ್ತುಗುರಿಯಿಲ್ಲದೆ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವ ಚಟ, ಒಂದಕ್ಕೊಂದು ಅಂಟಿಕೊಳ್ಳುವಿಕೆ ಹೆಚ್ಚಾದವೆಂದು 2000ದಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಅಮೆರಿಕದ ಮೃಗಾಲಯಗಳ ಜಿರಾಫೆ ಹಾಗೂ ಅದರ ಹತ್ತಿರದ ಬಂಧುವಾದ ಒಕಾಪಿಗಳನ್ನು ಕುರಿತ 2001ರ ಸಮೀಕ್ಷೆಯಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಪ್ರಾಣಿಗಳಿಗೆ ಕಂಬಿ, ಗೋಡೆಗಳನ್ನು ನೆಕ್ಕುವ ಇಲ್ಲವೆ ಅತ್ತಿಂದಿತ್ತ ತಿರುಗುವ ಇಂಥ ಯಾವುದಾದರೊಂದು ಚಟವಿದ್ದುದು ಕಂಡುಬಂತು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ನೆಕ್ಕುವುದಿಲ್ಲ. ಒಂದೇ ಆವರಣದಲ್ಲಿ, ಒಂದೇ ಮೇವು ತಿನ್ನುವ ಎರಡು ಜಿರಾಫೆಗಳಲ್ಲಿ ಒಂದು ನೆಮ್ಮದಿಯಿಂದ ಮೆಲುಕು ಹಾಕುತ್ತಿರುವಾಗ ಇನ್ನೊಂದು ತಾಸುಗಟ್ಟಲೆ ಕಂಬಿ ನೆಕ್ಕಬಹುದು. ಹಿಂಡು ಆರೋಗ್ಯವಾಗಿದೆಯೆಂಬ ಒಟ್ಟು ಲೆಕ್ಕದಲ್ಲಿ ಈ ಎರಡನೆಯದರ ಸಂಕಟ ಮುಚ್ಚಿಹೋಗುತ್ತದೆ.

ಪ್ರಾಣಿಯನ್ನು ವಂಶವಾಹಿಯ ಲೆಕ್ಕದಿಂದ ಮಾತ್ರ ನೋಡಿದಾಗ ಏನಾಗುತ್ತದೆಂಬುದಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್ ಸಾಕ್ಷಿ. 2014ರ ಫೆಬ್ರುವರಿಯಲ್ಲಿ ಅಲ್ಲಿನ ಮೃಗಾಲಯವು ಮಾರಿಯಸ್ ಎಂಬ ಎಳೆಯ, ಆರೋಗ್ಯವಂತ ಗಂಡು ಜಿರಾಫೆಯನ್ನು ಕೊಂದು, ಜನರೆದುರಿಗೆ ಕತ್ತರಿಸಿ, ಸಿಂಹಗಳಿಗೆ ಹಾಕಿತು. ಅದರ ವಂಶವಾಹಿಗಳು ಯುರೋಪಿನ ಮೃಗಾಲಯಗಳಲ್ಲಿ ಈಗಾಗಲೇ ಸಾಕಷ್ಟಿವೆ ಎಂಬುದು ಕೊಟ್ಟ ಕಾರಣ. ತಳಿಯ ಲೆಕ್ಕದಲ್ಲಿ ಆ ಮಾತು ಸರಿಯಿದ್ದಿರಬಹುದು. ಜಗತ್ತಿನೆಲ್ಲೆಡೆ ಜನ ತಳಮಳಗೊಂಡದ್ದು, ಆ ಲೆಕ್ಕದಲ್ಲಿ ಮಾರಿಯಸ್ ಎಂಬ ಜೀವಕ್ಕೆ ಸ್ಥಾನವೇ ಇರಲಿಲ್ಲವೆಂಬ ಕಾರಣಕ್ಕೆ.

ನಮ್ಮ ನಾಡಿನ ಉದಾಹರಣೆ ಇದಕ್ಕಿಂತ ಮೃದುವಾದುದು. ಮೈಸೂರು ಮೃಗಾಲಯದಿಂದ ಬನ್ನೇರುಘಟ್ಟಕ್ಕೆ ಹೋದ ಗೌರಿ ಎಂಬ ಹೆಣ್ಣು ಜಿರಾಫೆ ಅಲ್ಲಿ ಕೆಲಕಾಲ ಒಂಟಿಯಾಗಿತ್ತು. ಅದಕ್ಕೆ ಜತೆಯಾಗಲೆಂದು 2020ರಲ್ಲಿ ಮೈಸೂರಿನಿಂದಲೇ ಯದುನಂದನನೆಂಬ ಎಳೆಯ ಗಂಡು ಜಿರಾಫೆಯನ್ನು ಕಳುಹಿಸಲಾಯಿತು; ಪಾಪ, ಅದು ಅಲ್ಲಿ ಹೆಚ್ಚು ಕಾಲ ಬದುಕಲಿಲ್ಲ. ಒಂಟಿತನವೂ ಒಂದು ಕೊರತೆಯೆಂದು ಆಡಳಿತವು ಮನಗಂಡದ್ದು ಮೆಚ್ಚತಕ್ಕ ವಿಷಯ. ಆದರೆ ಜತೆ ಬೇಕೆಂಬುದು ಒಂಟಿಯಾದ ಮೇಲೆ ಹೊಳೆಯುವ ಬದಲು, ಕಳುಹಿಸುವ ಮೊದಲೇ ಹೊಳೆಯಬೇಕು. ಭಾರತದ ಮೃಗಾಲಯ ಮಾನ್ಯತಾ ನಿಯಮಗಳು ಪ್ರಾಣಿಗಳನ್ನು ಸಾಮಾಜಿಕ ಗುಂಪುಗಳಲ್ಲಿ ಇಡಬೇಕೆನ್ನುತ್ತವೆ. ಸಕಾರಣವಿಲ್ಲದೆ ಜೋಡಿಯಿಲ್ಲದ ಪ್ರಾಣಿಯನ್ನು ವರ್ಷಕ್ಕಿಂತ ಹೆಚ್ಚು ಕಾಲ ಇಡಬಾರದೆನ್ನುತ್ತವೆ. ಇವು ಒಳ್ಳೆಯ ನಿಯಮಗಳು. ಆದರೂ ಅವು ಗಂಡು ಹೆಣ್ಣಿನ ಜೋಡಿಯನ್ನು ಕಂಡಷ್ಟು ನಿಚ್ಚಳವಾಗಿ ಎರಡು ಹೆಣ್ಣುಗಳ ಗೆಳೆತನವನ್ನು ಕಾಣವು. ಜಿರಾಫೆಯ ಹಿಂಡನ್ನು ಹಿಡಿದು ನಿಲ್ಲಿಸುವುದು ಮುಖ್ಯವಾಗಿ ಆ ಗೆಳೆತನವೇ.

ಪಾಲಕರ ತಿಳಿವಳಿಕೆ ಎಲ್ಲಿ ಬರೆದಿದೆ?

ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ತಲೆಮಾರುಗಳಿಂದ ಪ್ರಾಣಿಪಾಲಕರು ದುಡಿದಿದ್ದಾರೆ. ಯಾವ ಜಿರಾಫೆ ಹೊಸ ಸೊಪ್ಪಿನ ಕಟ್ಟನ್ನು ಕಂಡೊಡನೆ ಮುನ್ನುಗ್ಗುತ್ತದೆ, ಯಾವುದು ಇನ್ನೊಂದು ತಿಂದು ನೋಡುವವರೆಗೂ ಬಾಯಿಡುವುದಿಲ್ಲ, ಯಾವುದು ಗುಡುಗಿಗೆ ಬೆಚ್ಚುತ್ತದೆ, ಯಾವುದು ಸಂಜೆ ಒಳಗೆ ಬರಲು ಗೋಳು ಹೊಯ್ದುಕೊಳ್ಳುತ್ತದೆ ಎಂಬುದನ್ನು ಎಲ್ಲ ಕಡೆಯೂ ಮೊದಲು ತಿಳಿಯುವವರು ಪಾಲಕರೇ. ಕುರಿಗಾಹಿಯ ಜ್ಞಾನಕ್ಕೂ ಈ ಜ್ಞಾನಕ್ಕೂ ಜಾತಿಯಲ್ಲಿ ಭೇದವಿಲ್ಲ. ಪ್ರಾಣಿಗಳ ವ್ಯಕ್ತಿತ್ವವನ್ನು ಅಳೆಯಹೊರಟ ವಿಜ್ಞಾನಿಗಳೂ ಕೊನೆಗೆ ಅವರ ಬಳಿಗೇ ಬಂದರು. ಹಲವು ಪಾಲಕರನ್ನು ಬೇರೆ ಬೇರೆಯಾಗಿ ಕೂಡಿಸಿ, ಪ್ರತಿ ಪ್ರಾಣಿಯ ಧೈರ್ಯ, ಅಂಜಿಕೆ, ಕುತೂಹಲ, ಒರಟುತನಗಳಿಗೆ ಅಂಕ ಕೊಡಿಸುವುದು, ಅವರ ಅಂಕಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದು, ಹೊಸ ವಸ್ತುವೊಂದನ್ನು ಆವರಣದಲ್ಲಿಟ್ಟು ಯಾವುದು ಎಷ್ಟು ಹೊತ್ತಿಗೆ ಸಮೀಪಿಸಿತೆಂದು ಬರೆದಿಡುವುದು ಇಂದು ಒಪ್ಪಿತ ವಿಧಾನಗಳು.

ಆದರೆ ಪಾಲಕ ನಿವೃತ್ತನಾದರೆ, ಇಲ್ಲವೆ ಗುತ್ತಿಗೆಯ ಅವಧಿ ಮುಗಿದು ಮನೆಗೆ ಹೋದರೆ, ಬರೆದಿಡದ ಆ ತಿಳಿವಳಿಕೆ ಅವನೊಡನೆಯೇ ಹೋಗುತ್ತದೆ. ತೂಕ, ಲಸಿಕೆ, ಹುಟ್ಟು, ಸಾವುಗಳ ದಾಖಲೆಯಂತೆಯೇ ಗುಣಸ್ವಭಾವಗಳ, ಒಡನಾಟಗಳ ದಾಖಲೆಯೂ ಪ್ರತಿ ಪ್ರಾಣಿಯ ಕಡತದಲ್ಲಿರಬೇಕು. ವರ್ಗಾವಣೆಯ ಮಾತು ಬಂದಾಗ ಆ ಕಡತವನ್ನು ತೆರೆದು, ಪಾಲಕರ ಅಭಿಪ್ರಾಯವನ್ನು ಕೇಳಿ, ಆಪ್ತ ಒಡನಾಡಿಗಳನ್ನು ಆದಷ್ಟು ಕೂಡಿಯೇ ಕಳುಹಿಸಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ; ಪಾಲಕನ ಮಾತಿಗೆ ಬೆಲೆಯಿದೆಯೆಂಬ ಒಪ್ಪಿಗೆ ಬೇಕು. 2001ರಿಂದ ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳ ದತ್ತು ಯೋಜನೆ ನಡೆದಿದೆ. ಹಣ ಕೊಟ್ಟು ದತ್ತು ಪಡೆಯುವ ನಾಗರಿಕರು ತಮ್ಮ ಪ್ರಾಣಿಯ ಗೆಳೆತನಗಳ ವಿಷಯವಾಗಿಯೂ ಒಂದು ಮಾತು ವಿಚಾರಿಸಿದರೆ ಯೋಜನೆಗೆ ಹೊಸ ಅರ್ಥ ಬರುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತ ಭಾವನೆಯಲ್ಲ. ದಸರೆಯ ಆನೆಗಳಾದ ಬಲರಾಮನ ಸೌಮ್ಯತೆಯನ್ನೂ ಅರ್ಜುನನ ಬಲವನ್ನೂ ಜನ ಬೇರೆ ಬೇರೆಯಾಗಿಯೇ ನೆನೆಯುತ್ತಾರೆ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡುತ್ತ ಅರ್ಜುನ ಮಡಿದಾಗ, ಒಂದು ಆನೆ ಸತ್ತಿತೆಂದು ಯಾರೂ ಹೇಳಲಿಲ್ಲ. ಅರ್ಜುನ ಹೋದನೆಂದು ನಾಡು ಮರುಗಿತು.

ಒಂದು ಆಕ್ಷೇಪಣೆ

ಇದೆಲ್ಲ ಭಾವುಕತೆಯೆಂದು ಹೇಳುವವರಿದ್ದಾರೆ. ಉಳಿಸಬೇಕಾದುದು ಸಂತತಿಯನ್ನು, ಬಿಡಿ ಪ್ರಾಣಿಯನ್ನಲ್ಲ. ಒಂದೊಂದು ಜಿರಾಫೆಯ ಮನಸ್ಸನ್ನು ಅರಿಯುತ್ತ ಕುಳಿತರೆ ಕಾಡು ಕರಗುತ್ತದೆ ಎಂಬುದು ಅವರ ವಾದ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 1985ರ ಸುಮಾರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚಿದ್ದ ಆಫ್ರಿಕದ ಜಿರಾಫೆಗಳು 2015ರ ಹೊತ್ತಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿದುದರಿಂದ, 2016ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅವುಗಳನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು. ಮೃಗಾಲಯದ ಗೌರಿಯನ್ನು ಮುದ್ದಿಸಿದ ಮಾತ್ರಕ್ಕೆ ಆ ಬಯಲುಗಳು ಉಳಿಯುವುದಿಲ್ಲ.

ಆದರೆ ಸಂತತಿಯೆಂಬುದು ಒಂದೊಂದು ಜೀವದಿಂದಲೇ ಆದುದು, ಮತ್ತು ಎಲ್ಲ ಜೀವಗಳ ತೂಕವೂ ಒಂದೇ ಅಲ್ಲ. ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ಅಭಯಾರಣ್ಯದಲ್ಲಿ ಹಿರಿಯರಿಲ್ಲದೆ ಬೆಳೆದ ಅನಾಥ ಗಂಡಾನೆಗಳು 1990ರ ದಶಕದಲ್ಲಿ ಮದವೇರಿ 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಆ ಹತ್ಯೆಗಳು ನಿಂತವು. ಮೊದಲೂ ಅಲ್ಲಿ ಆನೆಗಳ ಸಂಖ್ಯೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಹಿರಿಯರದು. ಹಿಂಡನ್ನು ಎಣಿಕೆಯಿಂದ ಮಾತ್ರ ಅಳೆಯುವವರಿಗೆ ಈ ಕೊರತೆ ಕಾಣುವುದಿಲ್ಲ.

ಕಪ್ಪತಗುಡ್ಡದ ಹೆಸರಿಲ್ಲದ ಜೀವಗಳು

ಈಗ ದೃಷ್ಟಿಯನ್ನು ಮನೆಯಂಗಳಕ್ಕೆ ತಿರುಗಿಸೋಣ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆನಿಸಿ, 2016ರಲ್ಲಿ ಆ ಸ್ಥಾನವನ್ನು ಕಳೆದುಕೊಂಡು, ಜನರ ಹೋರಾಟದಿಂದ 2017ರಲ್ಲಿ ಅದನ್ನು ಮರಳಿ ಪಡೆದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ತೋಳ, ಕತ್ತೆಕಿರುಬ, ಚಿರತೆ, ಚಿಗರಿ, ಕೊಂಡಗುರಿಗಳಿವೆ. ಅವುಗಳಿಗೆ ಹೆಸರಿಲ್ಲ, ದತ್ತು ಪಡೆಯುವವರಿಲ್ಲ, ಫೋಟೋ ತೆಗೆಸಿಕೊಳ್ಳಲು ಮುಗಿಬೀಳುವವರಿಲ್ಲ. ಒಂದು ರಾತ್ರಿ ದಡ್ಡಿಗೆ ತೋಳ ಬಿದ್ದು ನಾಲ್ಕು ಕುರಿ ಹೋದರೆ, ಮರುದಿನ ಸಿಟ್ಟು ಅಡವಿಯ ಎಲ್ಲ ತೋಳಗಳ ಮೇಲೆ ತಿರುಗುತ್ತದೆ. ಕುರಿಗಾಹಿಯ ನಷ್ಟ ಸಣ್ಣದಲ್ಲ. ಅದು ತಕ್ಷಣ, ಅಲೆದಾಟವಿಲ್ಲದೆ, ಪೂರ್ತಿಯಾಗಿ ತುಂಬಿಬರಬೇಕೆಂಬುದು ನ್ಯಾಯ. ಆದರೆ ಸತ್ತ ಕುರಿಗೆ ವಿಷ ಸವರಿಟ್ಟರೆ, ಬಂದು ತಿನ್ನುವುದು ಅದೇ ತೋಳವೆಂಬ ಖಾತರಿಯೇನು? ಎಂದೂ ದಡ್ಡಿಯತ್ತ ಸುಳಿಯದ ತೋಳ, ಕತ್ತೆಕಿರುಬ, ನರಿ, ಊರ ನಾಯಿ ಎಲ್ಲವೂ ಅದಕ್ಕೆ ಬಲಿಯಾಗುತ್ತವೆ.

ಸಿಂಗಟಾಲೂರಿನ ಹೆಸರು ನಾಡಿಗೆಲ್ಲ ಪರಿಚಿತವಾಗಿರುವುದು ಏತ ನೀರಾವರಿ ಯೋಜನೆಯ ಮೂಲಕ. ಅಲ್ಲಿ ತುಂಗಭದ್ರೆಯನ್ನು ಟಿಎಂಸಿಯಲ್ಲಿ, ಭೂಮಿಯನ್ನು ಹೆಕ್ಟೇರಿನಲ್ಲಿ ಅಳೆಯುತ್ತಾರೆ. ಗುಡ್ಡವನ್ನು ಅದಿರಿನ ಟನ್ನುಗಳಲ್ಲಿ ಅಳೆಯಬಯಸಿದವರೂ ಇದ್ದರು. ಅಳತೆ ಬೇಕು, ಎಣಿಕೆಯೂ ಬೇಕು. ಆದರೆ ಎಣಿಕೆಗೆ ಮಾತ್ರ ಸಿಕ್ಕುವ ವಸ್ತುವನ್ನು ಕಳೆಯುವುದು ಬಲು ಸುಲಭ. ಮುಖ ಪರಿಚಯವಾದದ್ದನ್ನು ಕಳೆಯಲು ಕೈ ತಡೆಯುತ್ತದೆ.

ವಿದ್ಯಾರ್ಥಿಗಳಿಂದ ಆರಂಭವಾಗಬಹುದಾದ ಕೆಲಸ ಇಲ್ಲಿದೆ. ಮೈಸೂರಿಗೆ ಹೋಗುವ ಬಸ್ಸು ಎಲ್ಲರಿಗೂ ಸಿಗದು. ಗದಗಿನ ಬಳಿಯ ಬಿಂಕದಕಟ್ಟಿಯ ಕಿರು ಮೃಗಾಲಯ ಹತ್ತಿರದಲ್ಲೇ ಇದೆ. ಅಲ್ಲಿ ಜಿರಾಫೆಯಿಲ್ಲದಿದ್ದರೂ ನೋಡುವ ಕ್ರಮವನ್ನು ಕಲಿಯಲು ಯಾವ ಪ್ರಾಣಿಯಾದರೂ ಸಾಕು. ಹತ್ತು ಪ್ರಾಣಿಗಳ ಮುಂದೆ ಹತ್ತು ನಿಮಿಷ ಓಡಾಡುವ ಬದಲು ಒಂದೇ ಗುಂಪಿನ ಮುಂದೆ ಅರ್ಧ ತಾಸು ಕುಳಿತು, ಯಾವುದು ಯಾರ ಬಳಿ ನಿಲ್ಲುತ್ತದೆ, ಯಾವುದು ಮೊದಲು ತಿನ್ನುತ್ತದೆ, ಯಾವುದು ದಾರಿ ಬಿಡುತ್ತದೆ ಎಂದು ಬರೆದುಕೊಳ್ಳಲಿ. ಊರಿಗೆ ಬಂದು ಅದೇ ಪಟ್ಟಿಯನ್ನು ಅಜ್ಜನ ಕುರಿಹಿಂಡಿಗೆ ಹೊಂದಿಸಿ ನೋಡಲಿ. ಅಜ್ಜ ಹೇಳುವುದನ್ನೂ ಬರೆದಿಡಲಿ. ಗುಡ್ಡದಂಚಿನ ಹಳ್ಳಿಗಳ ಕುರಿಗಾಹಿಗಳಿಂದ ತೋಳ, ಕಿರುಬಗಳ ಬಗೆಗೂ ಹೀಗೆಯೇ ಕೇಳಿ ಬರೆಯಲಿ: ಎಲ್ಲಿ ಕಂಡಿತು, ಒಂಟಿಯೋ ಜತೆಯೋ, ಕುಂಟುತ್ತಿತ್ತೋ, ಮರಿಗಳಿದ್ದವೋ, ದಡ್ಡಿಗೆ ಬಂತೋ, ದೂರದಿಂದಲೇ ಹಾದುಹೋಯಿತೋ. ನಾಲ್ಕು ವರ್ಷ ಇಂಥ ದಾಖಲೆ ಕೂಡಿಬಂದರೆ ಅರಣ್ಯ ಇಲಾಖೆಯೂ ಅದನ್ನು ಕಡೆಗಣಿಸಲಾರದು. ದಡ್ಡಿಗೆ ಬೀಳುವುದು ಯಾವುದು, ಬೀಳದೆ ಬದುಕುತ್ತಿರುವವು ಎಷ್ಟು ಎಂಬುದು ತಿಳಿದರೆ, ಮಾಡದ ತಪ್ಪಿಗೆ ಇಡೀ ಅಡವಿ ದಂಡ ತೆರುವುದು ತಪ್ಪುತ್ತದೆ.